ಸೋಪಿನ ತಟ್ಟೆ ಎರಡು ಬೆರಳು ಮೇಲೆ

ಮಿಸ್ ನನ್ನನ್ನು ಮೊದಲ ಸಲ ನೋಡಿದಾಗ ನಾನು ಮಂಡಿಯ ಮೇಲೆ ನಿಂತು ಫ್ಲಶ್ ಆಗಿದ್ದೆ.

ಪುಟ್ಟ ಮಕ್ಕಳಿಗೆ ಸರಿಹೋಗುವಂಥ ಕಮೋಡು, ಬೇಸಿನ್ನು, ನಲ್ಲಿಗಳನ್ನು ಡಿಸೈನ್ ಮಾಡುವುದು ನನ್ನ ಕೆಲಸ. ಅವರ ನರ್ಸರಿ ಸ್ಕೂಲಿನ ಹೊಸ ಬಾತ್‌ರೂಮಿಗೆ ಇನ್ನೂ ನೀರಿನ ಕನೆಕ್ಷನ್ ಬಂದಿರಲಿಲ್ಲ. ಫ್ಲಶ್ಶಿನ ಸದ್ದಿಗೆ ಮಕ್ಕಳು ಬೆದರುವುದುಂಟು; ಆ ಚಿಕ್ಕ ಕೋಣೆಯಲ್ಲಿ ಅದು ಎಷ್ಟು ಮೊಳಗುತ್ತದೆಂದು ತಿಳಿಯಬೇಕಿತ್ತು. ನೀರಿಲ್ಲದಿದ್ದರೇನು, ಬಾಯಿದೆಯಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಅವರ ಸ್ಕೂಟರಿನವರೆಗೆ ಎಲ್ಲರ ಮಿಮಿಕ್ರಿ ಮಾಡಿದವನಿಗೆ ಒಂದು ಫ್ಲಶ್ಶು ಯಾವ ಮಹಾ? ಮಂಡಿಗೆ ಪ್ಯಾಡ್ ಕಟ್ಟಿಕೊಂಡು, ಮಗುವಿನ ಎತ್ತರಕ್ಕಿಳಿದು, "ಘೊಳ್... ಘೊರ್ರ್... ಸ್ಸ್ಸ್" ಎಂದು ಎರಡನೇ ಟ್ಯಾಂಕು ಖಾಲಿ ಮಾಡುತ್ತಿದ್ದೆ.

ಬಕೆಟ್ಟು, ಮಾಪು ಹಿಡಿದು ಓಡಿಬಂದವರು ಬಾಗಿಲಲ್ಲೇ ನಿಂತರು.

"ಎಲ್ಲಿ ಸೋರ್ತಿದೆ?"

"ಇಲ್ಲಿ," ಎಂದು ಬಾಯಿ ತೋರಿಸಿದೆ.

ಅವರು ನಗಲಿಲ್ಲ. ಬಂದ ನಗುವನ್ನು ಕೆಳತುಟಿಯ ಅಡಿಗೆ ತುರುಕಿದರು. ಅದು ಕಣ್ಣಿನಿಂದ ಹೊರಗೆ ಬಂತು. ಸೋರಿಕೆ ಅಂದರೆ ಅದು. ಆ ಗಳಿಗೆಯಿಂದ ನನ್ನ ವಾಷರ್ ಸಡಿಲವಾಯಿತು.

"ನಾಳೆ ನೀರು ಬರತ್ತೆ. ಅಲ್ಲೀತನಕ ಬಾಯಿ ಬಂದ್ ಮಾಡ್ಕೊಂಡಿರಿ, ಮಕ್ಕಳು ಮಲಗಿದಾರೆ," ಎಂದು ಹೋದರು.

ಬಾಯಲ್ಲೇ ಫ್ಲಶ್ಶು ಮಾಡಿ ತೋರಿಸುತ್ತಾ, ವಾರ ಕಳೆಯುವುದರೊಳಗೆ ನಾನು ಮಕ್ಕಳಿಗೆಲ್ಲ 'ನಲ್ಲಿ ಮಾಮ' ಆದೆ. ಉಳಿದವರು ಕರೆದರೆ ತೊಂದರೆಯಿಲ್ಲ. ಗುಬ್ಬಿ ಕರೆಯುವುದು ಮಾತ್ರ ನನಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಗುಬ್ಬಿ ಮಿಸ್ ಅವರ ಅಕ್ಕನ ಮಗಳು. ಅವಳಿಗೆ ನಾನು ಮಾಮನಾದರೆ ಅವಳ ಚಿಕ್ಕಮ್ಮನಿಗೆ ಏನಾದೆ? ಅಣ್ಣ.

"ಬೇರೇನಾದ್ರೂ ಕರಿ ಪುಟ್ಟಿ," ಎಂದು ಬೇಡಿಕೊಂಡೆ.

"ಅಂಕಲ್?"

"ಅದು ಇನ್ನೂ ಬೇಡ. ಇದ್ದಕ್ಕಿದ್ದಂಗೆ ತಲೆ ಬೋಳಾಗತ್ತೆ."

"ಹಾಗಾದ್ರೆ ಮಾಮಾನೇ," ಎಂದು ಗುಬ್ಬಿ ಮಾತು ಮುಗಿಸಿದಳು.

ಮಿಸ್ ಪಕ್ಕದಲ್ಲಿ ಟವೆಲ್ ಮಡಚುತ್ತಿದ್ದರು. "ಕರೀಲಿ ಬಿಡಿ, ನಿಮಗೇನು ಕಷ್ಟ?" ಎಂದರು. ಟವೆಲ್ಲಿನ ಹಿಂದೆ ಮುಖ ಕಾಣಲಿಲ್ಲ. ಟವೆಲ್ ಮಾತ್ರ ಕುಲುಕುತ್ತಿತ್ತು.

ಗುಬ್ಬಿಗೆ ನಾಲ್ಕು ವರ್ಷ. ಕಾಲುಗಳಲ್ಲಿ ಬಲ ಸಾಲದು. ಎರಡು ಹಳದಿ ಊರುಗೋಲಿನ ಮೇಲೆ ಟಕ್ ಟಕ್ ಎಂದು ಓಡಾಡುತ್ತಿದ್ದಳು. ಸ್ಕೂಲಿಗೆ ಬಂದ ಹೊತ್ತಿನಿಂದ ಮನೆಗೆ ಹೋಗುವವರೆಗೆ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಬಾಟಲಿಯ ನೀರನ್ನೆಲ್ಲ ಕಿಟಕಿಯ ಕುಂಡದ ಗಿಡಕ್ಕೆ ಸುರಿಯುತ್ತಿದ್ದಳು. ಇಡೀ ಸ್ಕೂಲಿನಲ್ಲಿ ಮೈ ಕೈ ತುಂಬಿಕೊಂಡಿದ್ದದ್ದು ಆ ಗಿಡ ಒಂದೇ.

ಮುಂದಿನ ಸೋಮವಾರ ಅವಳ ಗೆಳತಿಯರೆಲ್ಲ ಪಕ್ಕದ ದೊಡ್ಡ ಕ್ಲಾಸಿಗೆ ಹೋಗುವವರಿದ್ದರು. ತಾವೇ ಬಾತ್‌ರೂಮಿಗೆ ಹೋಗಿಬರುವ ಮಕ್ಕಳಿಗೆ ಮಾತ್ರ ಅಲ್ಲಿ ಜಾಗ. ಶುಕ್ರವಾರದೊಳಗೆ ಗುಬ್ಬಿ ಒಬ್ಬಳೇ ಹೋಗಿಬರದಿದ್ದರೆ ಇನ್ನೊಂದು ವರ್ಷ ಇಲ್ಲೇ, ಅವಳಿಗಿಂತ ಚಿಕ್ಕವರ ಜೊತೆ.

ನಾನು ಕಮೋಡು ತಗ್ಗಿಸಿದೆ, ಕಾಲೂರಲು ಹಲಗೆ ಕೊಟ್ಟೆ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಹಾಕಿದೆ. ಮೊಣಕೈ ತಾಗಿದರೂ ತೆರೆದುಕೊಳ್ಳುವ ನಲ್ಲಿ. ಪಿಸುಗುಡುವ ಫ್ಲಶ್ಶು. ಗುಬ್ಬಿ ಬಾಗಿಲವರೆಗೆ ಬಂದು ಇಣುಕುವಳು, "ಚೆನ್ನಾಗಿದೆ ಮಾಮ" ಎನ್ನುವಳು, ತಿರುಗಿ ಹೋಗುವಳು.

ಮಿಸ್ ಅವರ ತಕರಾರಿದ್ದದ್ದು ಸೋಪಿನ ತಟ್ಟೆಯ ಬಗ್ಗೆ.

"ಎರಡು ಬೆರಳು ಮೇಲಿದ್ರೆ ಸರಿ ಅನ್ಸತ್ತೆ. ನಾಳೆ ಬಂದು ನೋಡ್ತೀರಾ?"

ಮರುದಿನ ಬಂದೆ. ಹಳೇ ತೂತಿಗೆ ಬಿಳಿ ಸಿಮೆಂಟು ತುಂಬಿ, ಟೈಲ್ಸ್ ಕೊರೆದು, ತಟ್ಟೆಯನ್ನು ಎರಡು ಬೆರಳು ಮೇಲೆ ಕೂರಿಸಿದೆ.

"ಈಗ ಎರಡು ಬೆರಳು ಎಡಕ್ಕೆ ಹೋಗ್ಬೇಕು ಅಲ್ವಾ?"

ಎಡಕ್ಕೂ ಹೋಯಿತು. ಅವರು ಗೋಡೆಯ ಮೇಲೆ ಬೆರಳಿಟ್ಟು ತೋರಿಸುವಾಗ ಅದರ ಪಕ್ಕದಲ್ಲೇ ನಾನು ಪೆನ್ಸಿಲಿನಿಂದ ಗುರುತು ಹಾಕಬೇಕಿತ್ತು. ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ.

"ಇವರೊಬ್ಬರು ಡಿಸೈನರ್," ಎಂದರು. ಬೆರಳನ್ನು ಮಾತ್ರ ತೆಗೆಯಲಿಲ್ಲ.

ಬುಧವಾರ ಬೆಳಗ್ಗೆ ಪ್ಲಾಸ್ಟಿಕ್ ಪೈಪು ಕತ್ತರಿಸಿ ಎರಡು ಊರುಗೋಲು ಮಾಡಿಕೊಂಡು, ಮಂಡಿಯ ಮೇಲೆ ಗುಬ್ಬಿಯ ಎತ್ತರಕ್ಕಿಳಿದು, ಅವಳ ಹಾಗೇ ಒಳಗೆ ಹೋದೆ. ಮಿಮಿಕ್ರಿಯೆಂದರೆ ಬರೀ ದನಿಯಲ್ಲ. ಇನ್ನೊಬ್ಬರ ಮೈಯೊಳಗೆ ಹೋಗಿ ಕೂರುವುದು. ಕಂಬಿ ಹಿಡಿಯಲು ಎರಡೂ ಕೈ ಬೇಕಾಯಿತು. ಕೋಲುಗಳನ್ನು ಗೋಡೆಗೆ ಒರಗಿಸಿದೆ. ನುಣುಪು ಟೈಲ್ಸಿನ ಮೇಲೆ ಜಾರಿ, ದಡಬಡ ಎಂದು ಬಿದ್ದು, ಬಾಗಿಲ ಬಳಿ ಹೋಗಿ ಮಲಗಿದವು. ಈಗ ಎತ್ತಿಕೊಡಲು ಯಾರನ್ನಾದರೂ ಕೂಗಬೇಕು. ಗುಬ್ಬಿಯಾದರೆ ಅದೂ ಚಡ್ಡಿ ಇಳಿಸಿ ಕೂತ ಅವಸ್ಥೆಯಲ್ಲಿ.

ಗುಬ್ಬಿಗಿದ್ದದ್ದು ಹೆದರಿಕೆಯಲ್ಲ, ನಾಚಿಕೆ. ನಾಲ್ಕು ವರ್ಷಕ್ಕೂ ಮಾನ ಮರ್ಯಾದೆ ಇರುತ್ತದೆಂಬುದು ನನ್ನ ಅಳತೆಯ ಟೇಪಿಗೆ ಗೊತ್ತಿರಲಿಲ್ಲ.

ಸಂಜೆಯೊಳಗೆ ವರ್ಕ್‌ಶಾಪಿನಲ್ಲಿ ಎರಡು ಕೊಕ್ಕೆ ಮಾಡಿದೆ, ಒಳಗೆ ರಬ್ಬರಿನ ಪಟ್ಟಿಯಿಟ್ಟು. ಕೋಲನ್ನು ಒತ್ತಿದರೆ ಕಚ್ಚಿ ಹಿಡಿಯುತ್ತಿತ್ತು, ಎಳೆದರೆ ಬಿಡುತ್ತಿತ್ತು. ಗೋಡೆಗೆ ಕೂರಿಸಲು ಹತ್ತು ನಿಮಿಷ ಸಾಕು.

ಗುರುವಾರ ಸ್ಕೂಲಿಗೆ ಹೋದವನು ಅವನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಕೊಕ್ಕೆ ಹಾಕಿದರೆ ಕೆಲಸ ಮುಗಿಯಿತು. ಕೆಲಸ ಮುಗಿದ ಮೇಲೆ ಆ ಗೇಟಿನೊಳಗೆ ನನಗೇನು ಕೆಲಸ? ಶುಕ್ರವಾರಕ್ಕೆ ಇನ್ನೂ ಒಂದು ದಿನವಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಾ ನಲ್ಲಿ ಒರೆಸಿದೆ, ಒರೆಸಿದ್ದನ್ನೇ ಒರೆಸಿದೆ.

ಊಟದ ಹೊತ್ತಿಗೆ ಟಕ್ ಟಕ್ ಕೇಳಿಸಿತು. ಗುಬ್ಬಿ ಕಿಟಕಿಯ ಬಳಿ ನಿಂತು ಗಿಡಕ್ಕೆ ನೀರು ಸುರಿದಳು. ಬಾಟಲಿಯ ಅಂಚಿನಲ್ಲಿ ಒಂದು ಹನಿ ಉಳಿದಿತ್ತು. ಅದನ್ನು ನಾಲಗೆಯ ತುದಿಯಿಂದ ಮುಟ್ಟಿ, ತಪ್ಪು ಮಾಡಿದವಳಂತೆ ಬಾಯಿ ಮುಚ್ಚಿಕೊಂಡಳು.

ನಾನು ನೆಟ್ಟಗೆ ಹೋಗಿ ಮಿಸ್ ಅವರ ಮೇಜಿನ ಮೇಲೆ ಕೊಕ್ಕೆಗಳನ್ನಿಟ್ಟು ವಿಷಯ ಹೇಳಿದೆ. ಅವರ ಕಣ್ಣು ಅರಳಿತು. ಆಮೇಲೆ ಕಿರಿದಾಯಿತು.

"ಯಾವಾಗ ಮಾಡಿದ್ರಿ?"

"ನಿನ್ನೆ."

"ಮತ್ತೆ ಬೆಳಗ್ಗೆಯಿಂದ ಏನ್ ಮಾಡ್ತಿದ್ರಿ?"

ಪ್ರಿನ್ಸಿಪಾಲರ ದನಿಯಾಗಲಿ ಸ್ಕೂಟರಿನ ದನಿಯಾಗಲಿ ನೆರವಿಗೆ ಬರಲಿಲ್ಲ. "ಇದು ಹಾಕ್ಬಿಟ್ರೆ ನಾಳೆಯಿಂದ ಇಲ್ಲಿಗೆ ಬರೋಕೆ ನೆಪ ಇರಲ್ಲ ಅಂತ... ಇಟ್ಕೊಂಡಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಅವಳು ಬೆಳಗ್ಗೆಯಿಂದ ನೀರು ಕುಡಿದಿಲ್ಲ," ಎಂದರು, ಅಷ್ಟೆ. "ಮೊದಲು ಹೋಗಿ ಅದನ್ನ ಹಾಕಿ."

ಹಾಕಿದೆ. ಕೂತವಳ ಕೈಗೆ ಸಿಗುವ ಎತ್ತರಕ್ಕೆ, ಆಚೆಗೊಂದು ಈಚೆಗೊಂದು. ಗುಬ್ಬಿ ಬಂದು ಒಂದು ಕೋಲನ್ನು ಒತ್ತಿ ನೋಡಿದಳು. ಎಳೆದಳು. ಮತ್ತೆ ಒತ್ತಿದಳು. ಕೊನೆಗೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡಳು.

ನಾವು ಹೊರಗೆ ನಿಂತೆವು. ಒಂದು ಕ್ಲಿಕ್. ಇನ್ನೊಂದು ಕ್ಲಿಕ್. ಆಮೇಲೆ ಏನೂ ಇಲ್ಲ. ಮಿಸ್ ಅವರ ಕೈ ಬಾಗಿಲಿನತ್ತ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು.

ಒಳಗಿನಿಂದ ಪುಟ್ಟ ಗಂಟಲಿನಲ್ಲಿ ಕೇಳಿಸಿತು: "ಘೊಳ್... ಘೊರ್ರ್... ಸ್ಸ್ಸ್." ಅದರ ಹಿಂದೆಯೇ ನಿಜವಾದ ಫ್ಲಶ್ಶಿನ ಪಿಸುಮಾತು.

ಬಾಗಿಲು ತೆರೆಯಿತು. ಎರಡೂ ಕೋಲು ಕೈಯಲ್ಲಿದ್ದವು. "ನಿಮ್ಮ ಫ್ಲಶ್ಶಿಗೆ ಸದ್ದೇ ಬರಲ್ಲ ಮಾಮ, ನಾನೇ ಮಾಡ್ದೆ. ಚಿಕ್ಕಮ್ಮಾ, ನೀರು."

ಮಿಸ್ ಲೋಟ ತುಂಬಿಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ನನ್ನ ಜೊತೆ ಆ ದಿನ ಮತ್ತೆ ಮಾತಾಡಲಿಲ್ಲ.

ಶುಕ್ರವಾರ ಗುಬ್ಬಿ ಮೂರು ಸಲ ಹೋಗಿಬಂದಳು. ಮೂರನೆಯದು ಬರೀ ಗತ್ತಿಗೆ. ದೊಡ್ಡ ಕ್ಲಾಸಿನ ಪಟ್ಟಿಗೆ ಅವಳ ಹೆಸರು ಸೇರಿತು. ನಾನು ಸಾಮಾನು ಬ್ಯಾಗಿಗೆ ತುಂಬತೊಡಗಿದೆ.

"ಆ ಸೋಪಿನ ತಟ್ಟೆ ಇನ್ನೂ ಸರಿಯಾಗಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ. "ಎರಡು ಬೆರಳು ಕೆಳಗೆ. ಎರಡು ಬೆರಳು ಬಲಕ್ಕೆ."

ಮಂಡಿಯೂರಿ ಅಳೆದೆ. ಪೆನ್ಸಿಲಿನ ಮೊನೆ ಒಣಗಿದ ಬಿಳಿ ಸಿಮೆಂಟಿನ ಮೇಲೆ ಬಂದು ನಿಂತಿತು.

"ಇದು ತಟ್ಟೆ ಮೊದಲಿದ್ದ ಜಾಗ."

"ಹೌದು."

"ಅಲ್ಲೇ ಸರಿಯಾಗಿತ್ತಾ?"

"ಮೊದಲ ದಿನದಿಂದ."

"ಮತ್ತೆ ನನ್ನ ಕೈಲಿ ಇಷ್ಟು ತೂತು ಕೊರೆಸಿದ್ದು?"

"ನೆಪ ನಿಮಗೊಬ್ಬರಿಗೇ ಬೇಕಿತ್ತಾ?" ಎಂದರು. "ನನ್ನ ನೆಪದಿಂದ ಯಾರಿಗೂ ಬಾಯಾರಲಿಲ್ಲ. ಅಷ್ಟು ನೆನಪಿರಲಿ."

"ಇರತ್ತೆ."

"ಗೊತ್ತು. ಕೇಳಿದಾಗ ಸುಳ್ಳು ಹೇಳ್ಲಿಲ್ವಲ್ಲ."

ಟಕ್ ಟಕ್ ಹತ್ತಿರ ಬಂತು. "ಮಾಮ, ಸೋಮವಾರ ಬರ್ತೀರಾ?"

"ಗುಬ್ಬೀ," ಎಂದರು ಮಿಸ್, ಕಿವಿಯ ತುದಿ ಕೆಂಪಗಾಗಿತ್ತು, "ಇನ್ಮೇಲೆ ಇವರನ್ನ ಮಾಮ ಅನ್ಬೇಡ."

"ಮತ್ತೇನನ್ಲಿ?"

"ಅವರನ್ನೇ ಕೇಳು."

ನಾನಿನ್ನೂ ಮಂಡಿಯ ಮೇಲಿದ್ದೆ. ಗುಬ್ಬಿಯ ಕಣ್ಣು ನನ್ನ ಕಣ್ಣಿನ ಸಮಕ್ಕಿತ್ತು. ಕಂಡಕಂಡವರ ದನಿಯೆಲ್ಲ ಸಲೀಸಾಗಿ ಬರುತ್ತಿದ್ದ ಗಂಟಲಿನಿಂದ ಆಗ ಹೊರಟದ್ದು ನನ್ನದೇ ದನಿ.

"ಚಿಕ್ಕಪ್ಪ," ಎಂದೆ.

ಗುಬ್ಬಿ ಒಮ್ಮೆ ನನ್ನನ್ನು, ಒಮ್ಮೆ ತನ್ನ ಚಿಕ್ಕಮ್ಮನನ್ನು ನೋಡಿ ಯೋಚಿಸಿದಳು.

"ನಲ್ಲಿ ಚಿಕ್ಕಪ್ಪ," ಎಂದು ತಿದ್ದಿ, ಟಕ್ ಟಕ್ ಎನ್ನುತ್ತಾ ನೀರು ಕುಡಿಯಲು ಹೋದಳು.