ಹೆಗಲು

ಪಡಸಾಲೆಯ ಗೋಡೆಯೊಳಗೆ ಇಬ್ಬರು ಹೆಂಗಸರು ಅಳುತ್ತಿದ್ದರು. ಒಂದು ದನಿ ಹುಬ್ಬಳ್ಳಿಯಲ್ಲಿದ್ದ ಗೆಳತಿ ಸಹನಾಳದು. ಇನ್ನೊಂದು ವಿಜ್ಞಾನಿ ವಿದ್ಯಾಶ್ರೀ ಹೊಂಬಳಳದೇ. ವಿದ್ಯಾಶ್ರೀ ಮಾತ್ರ ಕುರ್ಚಿಯಲ್ಲಿ ಕುಳಿತು ಸುಮ್ಮನೆ ಕೇಳುತ್ತಿದ್ದಳು. ಗಂಡ ಫಕೀರೇಶ ತೀರಿಕೊಂಡು ವಾರವಾಗಿತ್ತು. ಇವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ.

ಸತ್ತವರ ಮನೆಗೆ ಹೋಗಿ ಮಾತಾಡಿಸಿ ಬರುವುದು ಗದಗಿನ ಕಡೆ ತಪ್ಪಿಸುವಂಥ ಪದ್ಧತಿಯಲ್ಲ. ಆದರೆ ಜನ ದಿಕ್ಕಿಗೊಬ್ಬರಾಗಿ ಚದುರಿ, ಯಾರಿಗೂ ಪುರಸೊತ್ತಿಲ್ಲದ ಕಾಲ ಬಂತು ನೋಡಿ, ಆಗ ವಿದ್ಯಾಶ್ರೀ 'ಹೆಗಲು' ಕಟ್ಟಿದಳು. ಅದೊಂದು ಯಂತ್ರಬುದ್ಧಿ. ಅಂತರ್ಜಾಲದಲ್ಲಿ ನೀವು ಆಡಿದ್ದು, ಬರೆದದ್ದನ್ನೆಲ್ಲ ಓದಿ ನಿಮ್ಮ ದನಿ, ಸಲಿಗೆ, ನೆನಪುಗಳನ್ನು ಕಲಿಯುತ್ತಿತ್ತು. ಸಾವಿನ ಸುದ್ದಿ ಸಿಕ್ಕೊಡನೆ ನಿಮ್ಮ ಪರವಾಗಿ ಆ ಮನೆಯ ಗೋಡೆಯ ಸ್ಪೀಕರಿನಲ್ಲಿ ಬಂದು ಮನೆಯವರನ್ನು ಮಾತಾಡಿಸುತ್ತಿತ್ತು. ಆ ಮನೆಯವರಿಗೆ ಬಾಯಿ ಬಿಡುವ ತ್ರಾಣವಿಲ್ಲದಿದ್ದರೆ ಅವರ ಹೆಗಲೇ ಉತ್ತರಿಸುತ್ತಿತ್ತು, ಅಳುತ್ತಿತ್ತು ಕೂಡ. ಪದ್ಧತಿ ಉಳಿಸಿದಳೆಂದು ಊರೂರಲ್ಲಿ ಶಾಲು ಹೊದಿಸಿದ್ದೇ ಹೊದಿಸಿದ್ದು.

ಈಗ ಅವಳ ಎದೆ ಮರಗಟ್ಟಿತ್ತು. ಹೀಗೇ ಉಳಿದರೆ ಗಂಡನ ಮೇಲೆ ತನಗೆ ಪ್ರೀತಿಯೇ ಇರಲಿಲ್ಲವೇನೋ ಎಂಬ ಹೆದರಿಕೆ ಹುಟ್ಟಿತು. ಎದ್ದು ಸಹನಾಳಿಗೆ ಫೋನು ಮಾಡಿದಳು.

"ಒಮ್ಮೆ ಮನೀಗೆ ಬಂದು ಹೋಗ್ತಿಯೇನು?"

"ಈಗ ಬಂದಿತ್ತಲ್ಲ ವಿದ್ಯಾ ನನ್ನ ಹೆಗಲು. ಭಾಳ ಅತ್ತೆಂತ ನೀ."

"ಅತ್ತದ್ದು ನಾ ಅಲ್ಲ. ನನಗ ಅಳೂನ ಬರವಲ್ದು. ನೀನ ಬಾ, ಬಾಜೂಕ ಕುಂಡ್ರು. ಏನೂ ಮಾತಾಡದಿದ್ರೂ ನಡೀತದ."

ಸಹನಾ ಹಿಂದೆಮುಂದೆ ನೋಡಿದಳು. "ನಾ ಬಂದು ಏನ್ ಹೇಳ್ಲಿ? ಅದರಷ್ಟು ಚಂದ ನನಗ ಮಾತಾಡಾಕ ಬರೂದಿಲ್ಲ. ನಮ್ಮಪ್ಪ ಹೋದಾಗ ನಿನ್ನ ಹೆಗಲು ಎಷ್ಟ ಸಮಾಧಾನ ಮಾಡ್ತು ಗೊತ್ತೈತೇನು? ಅಪ್ಪ ನಿನ್ನನ್ನ ಸೈಕಲ್ ಮ್ಯಾಲೆ ಸಾಲಿಗೆ ಬಿಡ್ತಿದ್ದದ್ದೂ ನೆನಸ್ತು. ನೀ ಅವಗ ಅಷ್ಟು ಜೀವ ಹಚ್ಚಿಕೊಂಡಿದ್ದಿ ಅಂತ ನನಗ ಆವತ್ತ ತಿಳೀತು."

ಈ ಸಾವಿನ ಸುದ್ದಿ ವಿದ್ಯಾಶ್ರೀ ಕೇಳಿದ್ದು ಇದೇ ಮೊದಲು. ಈ ಯುಗಾದಿಗೆ ಸಹನಾಳ ಅಪ್ಪ ಬಸಣ್ಣ ಕಾಕಾನನ್ನು ಕಂಡು ಬರಬೇಕೆಂದು ಗಂಡನಿಗೆ ಹೇಳಿದ್ದಳು. ಕೆಲಸದಲ್ಲಿದ್ದವರಿಗೆ ಹೆಗಲು ಸುದ್ದಿ ಹೇಳಿ ತೊಂದರೆ ಕೊಡಕೂಡದೆಂದು ನಿಯಮ ಬರೆದವಳು ಅವಳೇ. ಅದು ಹೋಗಿ, ಅತ್ತು, ಬಂದು, ಅವಳಿಗೆ ಒಂದು ಮಾತೂ ಹೇಳಿರಲಿಲ್ಲ.

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಕೇಳಿಯೇಬಿಟ್ಟಳು. "ಸಹನಾ, ಕಾಕಾ ಯಾವಾಗ ಹೋದ್ರು?"



"ಕಳಿಸಿದ್ದು ನೀನ ಅಂತ ತಿಳದಿದ್ದೆ," ಎಂದಳು ಸಹನಾ. ಫೋನು ಇಟ್ಟಳು.

ಇದ್ದೊಬ್ಬ ಗೆಳತಿಯೂ ದೂರವಾದಳು, ಆದರೂ ಅಳು ಬರಲಿಲ್ಲ. ಹೆಗಲನ್ನು ಬೈದು ಏನು ಬಂತು? ಅದು ತಾನಾಗಿ ಏನೂ ಹುಟ್ಟಿಸಿಕೊಂಡಿರಲಿಲ್ಲ, ಮನುಷ್ಯರನ್ನು ನೋಡಿ ಕಲಿತದ್ದು. ಅದು ಬರುವ ಎಷ್ಟೋ ವರ್ಷ ಮೊದಲೇ, ಸಾವಿನ ಸುದ್ದಿ ಬಂದರೆ ಫೋನಿನಲ್ಲಿ ಕೈಮುಗಿದ ಚಿತ್ರವೊಂದನ್ನು ಒತ್ತಿ, ಸತ್ತವರು ಯಾರೆಂದು ಪೂರ್ತಿ ಓದುವ ಮುನ್ನವೇ ಮುಂದಿನದಕ್ಕೆ ಬೆರಳು ಸರಿಸುವುದನ್ನು ಜನ ರೂಢಿ ಮಾಡಿಕೊಂಡಿದ್ದರು.