ಒಂದೂ ಪ್ರಶ್ನೆ ಬಿಡದ ಗೈಡು

"ಎಲ್ಲೇ ನಿಮ್ಮಪ್ಪ?"

ಕೇಳಿದವನು ಸೋಡಾಬುಡ್ಡಿ. ಅವನ ದಪ್ಪ ಕನ್ನಡಕ ನೋಡಿ ಐದನೇ ಕ್ಲಾಸಿನವರೆಲ್ಲ ಸೇರಿ ಇಟ್ಟ ಹೆಸರದು. ಲೈಫ್ ಜಾಕೆಟ್ಟಿನ ಬಕಲ್ ಹಾಕಲು ಒದ್ದಾಡುತ್ತಲೇ ಅವನು ಬೋಟಿನ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದ. "ನಮ್ಮಪ್ಪನೇ ಬೋಟ್ ಗೈಡು ಅಂತ ವರ್ಷವಿಡೀ ತಲೆ ತಿಂದಿದ್ಯಲ್ಲ!"

"ಇವತ್ತು ರಜ," ಎಂದಳು ಗಿಣಿ. ಅರಳು ಹುರಿದಂತೆ ಮಾತಾಡುವ ಗಿಣಿ ಇವತ್ತು ಎರಡೇ ಶಬ್ದಕ್ಕೆ ನಿಲ್ಲಿಸಿದಳು.

ರಜ ಎಲ್ಲಿಂದ ಬರಬೇಕು, ಕೆಲಸವೇ ಇಲ್ಲದ ಮೇಲೆ? ಹನ್ನೆರಡು ವರ್ಷ ಅಪ್ಪ ಇದೇ ಬೋಟಿನಲ್ಲಿ ನಿಂತು ಹಳೇ ಪೇಟೆಯ ಕಾಲುವೆಯ ಕತೆ ಹೇಳಿದ್ದ. ಬೋಟ್ ಆಫೀಸಿನವರು "ನಿಮ್ಮ ಧ್ವನಿ ರೆಕಾರ್ಡ್ ಮಾಡ್ಕೋತೀವಿ" ಅಂದಾಗ ಹಿರಿಹಿರಿ ಹಿಗ್ಗಿದ್ದ. ಗಂಟಲು ಕೆಟ್ಟ ದಿನ ಅನುಕೂಲವಾಗುತ್ತದೆ ಅಂದುಕೊಂಡಿದ್ದ, ಪಾಪ. ಮೂರು ದಿನ ಬಿಸಿನೀರು ಕುಡಿದುಕೊಂಡು ಹೇಳಿದ್ದೇ ಹೇಳಿದ್ದು. ರೆಕಾರ್ಡಿಂಗ್ ಮುಗಿದು ಒಂದು ವಾರ ಕಳೆಯಿತೋ ಇಲ್ಲವೋ, "ಬೇಕಾದಾಗ ಕರೀತೀವಿ" ಎಂದು ಮನೆಗೆ ಕಳಿಸಿಬಿಟ್ಟರು.

"ಕರೆದೇ ಕರೀತಾರೆ ನೋಡು," ಎಂದು ಅಪ್ಪ ದಿನಾ ಹೇಳುತ್ತಿದ್ದ. "ಜನ ಪ್ರಶ್ನೆ ಕೇಳ್ತಾರೆ. ಮಷೀನು ಏನು ಉತ್ತರ ಕೊಡುತ್ತೆ, ಮಣ್ಣು?" ಇದೇ ನಂಬಿಕೆಯಲ್ಲಿ, ಮಾವ ತಮ್ಮ ಟೈರ್ ಅಂಗಡಿಗೆ ಬಾ ಎಂದು ಕರೆದರೂ ಎರಡು ತಿಂಗಳಿಂದ ಹೋಗಿರಲಿಲ್ಲ.

ಇವತ್ತು ಶಾಲೆಯ ಪ್ರವಾಸಕ್ಕೆ ಗಿಣಿ ಒಂದು ಉಪಾಯ ಮಾಡಿಕೊಂಡೇ ಬೋಟು ಹತ್ತಿದ್ದಳು. ಪ್ರಶ್ನೆ ಮೇಲೆ ಪ್ರಶ್ನೆ ಕೇಳುವುದು. ಮಷೀನು ತುಟಿಪಿಟಕ್ಕೆನ್ನುವುದಿಲ್ಲ. ಮಿಸ್‌ಗೆ ಸಿಟ್ಟು ಬಂದು ಆಫೀಸಿಗೆ ಕಂಪ್ಲೇಂಟ್ ಬರೆಯುತ್ತಾರೆ. ಸೋಮವಾರ ಅಪ್ಪ ವಾಪಸ್ ಕೆಲಸಕ್ಕೆ!

"ಲೋ, ಏನು ಕಂಡ್ರೂ ಕೇಳ್ಬಿಡೋ," ಎಂದು ಸೋಡಾಬುಡ್ಡಿಯ ಕಿವಿಯಲ್ಲಿ ಉಸುರಿದಳು. ಅವನಿಗೆ ಅಷ್ಟು ಸಾಕು.

ಬೋಟು ಹೊರಟಿತು. ಡ್ರೈವರ್ ಅಂಕಲ್ ಗಿಣಿಯ ಮುಖ ನೋಡದೆ ಒಂದು ಬಟನ್ ಒತ್ತಿದರು.

"ಬನ್ನಿ ಬನ್ನಿ! ಕೈಕಾಲು ಒಳಗಿರ್ಲಿ, ಕಣ್ಣು ಮಾತ್ರ ಹೊರಗೆ!"

ಸ್ಪೀಕರಿನಲ್ಲಿ ಅಪ್ಪ. ಈ ಹುರುಪಿನ ಧ್ವನಿಯನ್ನು ಗಿಣಿ ಮನೆಯಲ್ಲಿ ಕೇಳಿ ಎಷ್ಟೋ ದಿನವಾಗಿತ್ತು.

ಎಡಕ್ಕೆ ಒಂದು ಹಳೇ ಉಗ್ರಾಣ ಬಂತು. "ಆ ಕಿಟಕಿಗೆ ಯಾಕೆ ಇಟ್ಟಿಗೆ ಕಟ್ಟಿದಾರೆ?" ಸೋಡಾಬುಡ್ಡಿ ಕೂಗಿದ. ಗಿಣಿ ಸ್ಪೀಕರಿನ ಕಡೆ ನೋಡಿದಳು.

"ಈಗ ನಿಮ್ಮಲ್ಲಿ ಒಬ್ರು ಕೇಳ್ತೀರ, ಆ ಕಿಟಕಿ ಯಾಕೆ ಮುಚ್ಚಿದೆ ಅಂತ," ಎಂದಿತು ಸ್ಪೀಕರು. "ಒಳಗೆ ಸಕ್ಕರೆ ಮೂಟೆ ಇತ್ತು ಸ್ವಾಮೀ. ರಾತ್ರಿ ಕಾವಲುಗಾರನೇ ಕಿಟಕಿಯಿಂದ ದೋಣಿಗೆ ಇಳಿಸ್ತಿದ್ದ!"

ಬೋಟಿಗೆ ಬೋಟೇ ನಕ್ಕಿತು.

"ನೀರು ಎಷ್ಟು ಆಳ?" ಗಿಣಿಯೇ ಕೂಗಿದಳು. ಮುಂದಿನ ಸೇತುವೆ ದಾಟುವಷ್ಟರಲ್ಲಿ ಅದಕ್ಕೂ ಉತ್ತರ ಬಂತು. ಕಾಲುವೆ ಗೋಡೆಯಲ್ಲಿರುವ ಕಬ್ಬಿಣದ ಉಂಗುರಗಳು ಯಾತಕ್ಕೆ, ಮೊಸಳೆ ಇದೆಯಾ, ಯಾರಾದರೂ ಬಿದ್ದಿದ್ದಾರಾ, ಎಲ್ಲಕ್ಕೂ ಬಂತು. ಹನ್ನೆರಡು ವರ್ಷ ಜನ ಕೇಳಿದ್ದನ್ನೆಲ್ಲ ಅಪ್ಪ ನೆನಪಿಟ್ಟುಕೊಂಡಿದ್ದ. ತನಗೆ ಅಂತ ಒಂದನ್ನೂ ಉಳಿಸಿಕೊಳ್ಳದೆ ಆ ಡಬ್ಬಕ್ಕೆ ಸುರಿದುಬಿಟ್ಟಿದ್ದ.

ಆಮೇಲೆ ಗಿಣಿ ಏನೂ ಕೇಳಲಿಲ್ಲ.

"ಲೇ, ಇದು ನಿಮ್ಮಪ್ಪನ ಧ್ವನಿ ಅಲ್ವೇನೇ!" ಸೋಡಾಬುಡ್ಡಿ ಎದ್ದು ನಿಂತೇಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಸ್ ಅವಳ ಬೆನ್ನು ಸವರಿ, "ಎಷ್ಟು ಚೆನ್ನಾಗಿ ಹೇಳ್ತಾರೆ ಕಣೇ! ಅವ್ರು ಬರದೇ ಇದ್ರೂ ಬಂದ ಹಾಗೇ ಇದೆ," ಎಂದರು.

ಮಿಸ್ ಅದನ್ನು ಪ್ರೀತಿಯಿಂದಲೇ ಹೇಳಿದ್ದರು. ಗಿಣಿಯ ಉಪಾಯ ಮಾತ್ರ ಅಲ್ಲಿಗೇ ಮುಗಿಯಿತು. ಇನ್ನು ಯಾರು ಕಂಪ್ಲೇಂಟ್ ಬರೆಯುತ್ತಾರೆ?

ಮನೆಯಲ್ಲಿ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಹೇಗಿತ್ತೇ? ಯಾರಾದ್ರೂ ಪ್ರಶ್ನೆ ಕೇಳಿದ್ರಾ?"

ಅವನ ಕಣ್ಣಲ್ಲಿ ಆಸೆ ತುಂಬಿತ್ತು. 'ಕೇಳಿದ್ರು, ಮಷೀನು ಬೆಪ್ಪಾಯ್ತು' ಎಂಬ ಸುಳ್ಳು ಗಿಣಿಯ ನಾಲಿಗೆಯ ತುದಿಗೇ ಬಂದಿತ್ತು. ಹಾಗಂದರೆ ಅಪ್ಪ ಇನ್ನೂ ಎರಡು ತಿಂಗಳು ಕಾಯುತ್ತಾನೆ. ಅಷ್ಟು ಚೆಂದದ ಕತೆಯನ್ನು ಚೆನ್ನಾಗಿಲ್ಲ ಅನ್ನಲೂ ಅವಳಿಗೆ ಮನಸ್ಸಾಗಲಿಲ್ಲ.

"ಎಲ್ರೂ ಕೇಳಿದ್ರು. ನೀನು ಎಲ್ಲದಕ್ಕೂ ಉತ್ತರ ಹೇಳ್ಬಿಟ್ಟಿದ್ದೆ, ಅಪ್ಪಾ."

"ಹೌದಾ? ಕಿಟಕಿದು?"

"ಕಿಟಕಿದೂ."

"ನಕ್ರಾ?"

"ಹೊಟ್ಟೆ ಹಿಡ್ಕೊಂಡು."

ಅಪ್ಪನ ಮುಖ ಊರಗಲವಾಯಿತು. "ಒಂದೂ ಬಿಟ್ಟಿರ್ಲಿಲ್ಲ, ಅಲ್ವಾ?"

"ಒಂದೂ ಬಿಟ್ಟಿರ್ಲಿಲ್ಲ."

ಆ ಮಾತು ಅಪ್ಪನಿಗೆ ಪೂರ್ತಿ ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಗು ಮೆಲ್ಲಗೆ ಇಳಿಯಿತು. ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತು ಫೋನು ತೆಗೆದ.

"ಭಾವಾ, ನಾಳೆ ಅಂಗಡಿಗೆ ಎಷ್ಟು ಗಂಟೆಗೆ ಬರ್ಲಿ?" ಎಂದ, ಪಿಸುಮಾತಿನಷ್ಟು ಇಳಿದ ಧ್ವನಿಯಲ್ಲಿ.

"ಏನು? ಜೋರಾಗಿ ಮಾತಾಡಪ್ಪಾ, ಏನೂ ಕೇಳಿಸ್ತಿಲ್ಲ!" ಮಾವ ಆ ಕಡೆಯಿಂದ ಕೂಗಿದ್ದು ಗಿಣಿಗೂ ಕೇಳಿಸಿತು.

ಅವಳು ಹೋಗಿ ಫ್ಯಾನ್ ಆಫ್ ಮಾಡಿದಳು. ಅಡ್ಡ ಬಂದದ್ದು ಫ್ಯಾನಿನ ಸದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಮಾಡಿದಳು.