ಸತ್ತ ಮೇಲೆ ಸಿಗುವ ಹೆಸರು

"ಮುಟ್ಟಬೇಡಿ!"

ಆ ಕೂಗಿಗೆ ನಮ್ಮ ತೊಯಾಮಾದ ಬೆಟ್ಟಗಳ ಮೇಲಿನ ಅರ್ಧ ಹಿಮ ಜಾರಿ ಬಿತ್ತು. ಸುಳ್ಳೆನ್ನುವವರು ಬಂದು ಮಿಕ್ಕ ಅರ್ಧವನ್ನು ಅಳೆದುಕೊಳ್ಳಲಿ!

ಆಸ್ಪತ್ರೆಯ ಪ್ರಯೋಗಾಲಯದ ತಂತ್ರಜ್ಞೆ ಹಟಾನೊ ಸುಮಿರೆ, ಇನ್‌ಕ್ಯುಬೇಟರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಎದುರಿಗೆ ಚಿಬಾದಿಂದ ಬಂದಿದ್ದ ಶಿರಾಕಿ ತೋಮಾ. ಮನುಷ್ಯರ ಜೀವ ತೆಗೆಯುವ ಬೂಷ್ಟುಗಳ ವಂಶ ಗೊತ್ತುಮಾಡಿ ಹೆಸರಿಡುವುದೇ ಅವನ ಕಸುಬು.

"ಪತ್ರ ಬರೆದು ಕರೆಸಿದ್ದು ನೀವೇ ಅಲ್ವಾ?" ಅವನು ಕಕ್ಕಾಬಿಕ್ಕಿಯಾದ. "ಒಳಗಿರೋದು ಬೂಷ್ಟೋ, ನೀವು ಸಾಕಿದ ಬೆಕ್ಕೋ?"

"ನಮ್ಮಪ್ಪನ್ನ ಕೊಂದಿದ್ದು."

ಅವನ ನಗು ಅಲ್ಲೇ ಆರಿತು.

ಅವಳ ಅಪ್ಪನ ಹೆಸರು ಗೆಂಗೊ, ಮನೆಗಳಿಗೆ ಜೊಂಡುಹುಲ್ಲಿನ ಮಾಡು ಹೊದಿಸುತ್ತಿದ್ದವನು. ಅವನು ಹೊದಿಸಿದ ಮಾಡುಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರೆ ಟೋಕಿಯೋ ತನಕ ನೆನೆಯದೆ ನಡೆದು ಹೋಗಬಹುದಿತ್ತು! ನಲವತ್ತು ವರ್ಷ ಕೊಳೆತ ಹುಲ್ಲಿನ ಧೂಳು ಕುಡಿದ ಆ ಎದೆಯೊಳಗೆ ಏನೋ ಬೆಳೆಯಿತು. ಆಸ್ಪತ್ರೆಯ ಯಂತ್ರಕ್ಕೆ ಅದರ ಪರಿಚಯವಿಲ್ಲ. ಅದರ ದಾಯಾದಿಯೊಂದರ ಹೆಸರು ತೋರಿಸಿತು. ಆ ಹೆಸರು ನಂಬಿ ಕೊಟ್ಟ ಮದ್ದು ಬರೀ ನೀರಿಗೆ ಸಮನಾಯಿತು.

ಹನ್ನೊಂದು ವಾರ. ಮಗಳ ಕೈ ಹಿಡಿದುಕೊಂಡೇ ಹೋದ.

ಅಂದಿನಿಂದ ಮೂರು ವರ್ಷ, ತಿಂಗಳಿಗೊಮ್ಮೆ ಆ ಬೂದು ಬೂಷ್ಟನ್ನು ಹೊಸ ತಟ್ಟೆಗೆ ದಾಟಿಸಿ ಅವಳು ಬದುಕಿಸಿಕೊಂಡು ಬಂದಿದ್ದಳು. ಮುಚ್ಚಳದ ಮೇಲೆ ಅವಳದೇ ಕೈಬರಹ: 'ಅಪ್ಪ'.

'ಇದಕ್ಕೆ ಸರಿಯಾದ ಹೆಸರು ಸಿಕ್ಕರೆ ಇನ್ಯಾರಿಗೂ ತಪ್ಪು ಮದ್ದು ಬೀಳುವುದಿಲ್ಲ… ಆದರೆ ಇದು ಸತ್ತರೆ? ಅಪ್ಪನ ಮೈಯಿಂದ ಬಂದದ್ದು ಇನ್ನೇನು ಉಳಿಯಿತು?'

ಕೊನೆಗೆ ಅವಳು ಬಾಗಿಲು ಬಿಟ್ಟು ಸರಿದಳು. ಚಳಿಗಾಲವಿಡೀ ಇಬ್ಬರೂ ಒಂದೇ ಮೇಜಿನಲ್ಲಿ ಕೂತರು. ಅರವತ್ತು ದಾಯಾದಿ ಬೂಷ್ಟುಗಳ ಜೊತೆ ಹೋಲಿಸಿದರು, ಬೀಜಕಣಗಳನ್ನು ಅಳೆದರು, ಯಾವ ಮದ್ದಿಗೆ ಸಾಯುತ್ತದೆ ಎಂದು ಒಂದೊಂದಾಗಿ ಸುರಿದು ನೋಡಿದರು.

"ಶಿರಾಕಿ ಸೆನ್ಸೇ, ದಿನಾ ಅದೇ ಸ್ಟೇಷನ್ನಿನ ಮೀನಿನ ಅನ್ನ ತಿಂತೀರಲ್ಲ, ಬೇಜಾರಾಗಲ್ವಾ?"

"ಅರ್ಧ ನಿಮಗೆ ಕೊಡೋಕೆ ಏನಾದ್ರೂ ನೆಪ ಬೇಕಲ್ವಾ?"

ಅವಳ ಕೆನ್ನೆ ಕೆಂಪೇರಿದ ಬಿಸಿಗೆ ಆಸ್ಪತ್ರೆಯವರು ಒಂದು ವಾರ ಹೀಟರ್ ಆರಿಸಿಡಬಹುದಿತ್ತು!

ಫೆಬ್ರವರಿಯಲ್ಲಿ ಅವನು ತಲೆಯೆತ್ತಿ ಮೆಲ್ಲಗೆ ಹೇಳಿದ, "ಹೊಸದು. ಈ ಭೂಮಿ ಮೇಲೆ ಇದಕ್ಕೆ ಯಾರೂ ಹೆಸರಿಟ್ಟಿಲ್ಲ."

ಸುಮಿರೆ ಮುಖ ಮುಚ್ಚಿಕೊಂಡು ಅತ್ತಳು. ಅವಳ ಭುಜದ ತನಕ ಬಂದ ಅವನ ಕೈ ಮುಟ್ಟದೆಯೇ ಹಿಂದೆ ಸರಿಯಿತು.

ಮುಂದಿನ ಸೋಮವಾರ ಇನ್‌ಕ್ಯುಬೇಟರ್ ಖಾಲಿ! ಅವಳ ತಟ್ಟೆ ಒಣಗಿಸುವ ಪೆಟ್ಟಿಗೆಯಲ್ಲಿತ್ತು. ಬೂಷ್ಟು ಹಳೆಯ ತೊಗಲಿನಂತೆ ಮುದುಡಿ ಸತ್ತಿತ್ತು.

"ಕೊಂದುಬಿಟ್ರಾ?"

"ಹಟಾನೊ ಸಾನ್, ಒಂದು ನಿಮಿಷ ಕೇಳಿ. ಹೆಸರಿಡೋ ನಿಯಮ…"

"ನಮ್ಮಪ್ಪನ್ನ ಎರಡನೇ ಸಲ ಸಾಯಿಸಿದ್ರಿ! ಹೊರಟುಹೋಗಿ!"

ಅವನು ಹೋದ. ಹೊಸ ಬೂಷ್ಟಿನ ಬಗ್ಗೆ ಬರೆದು ಮೇಜಿನ ಮೇಲೆ ಬಿಟ್ಟುಹೋದ ಲೇಖನದ ಕರಡನ್ನು ಅವಳು ಓದದೆ ಡ್ರಾಯರಿಗೆ ತುರುಕಿದಳು.

ಏಪ್ರಿಲ್‌ನಲ್ಲಿ ಒಸಾದಾ ಮಾಮ ಕೆಮ್ಮುತ್ತ ಬಂದ. ಮೂವತ್ತು ವರ್ಷ ಅಪ್ಪನ ಜೊತೆ ಅದೇ ಮಾಡುಗಳನ್ನು ಹತ್ತಿದವನು.

"ಏನೇ ಸುಮಿರೆ, ಸಾವಿನ ಮನೆ ಮುಖ ಹಾಕ್ಕೊಂಡಿದ್ದೀಯಾ? ಇಷ್ಟು ಬೇಗ ಹೋಗಲ್ಲ ಕಣೇ ನಾನು! ಅರ್ಧ ಮಾಡು ಹೊದಿಸೋದು ಬಾಕಿ ಇದೆ!"

ಐದನೇ ದಿನ ಅವನ ಕಫ ಸವರಿದ ತಟ್ಟೆಯಲ್ಲಿ ಅದೇ ಬೂದು ಬಣ್ಣ. ಯಂತ್ರ ತೋರಿಸಿದ್ದು ಅದೇ ತಪ್ಪು ಹೆಸರು.

ಸುಮಿರೆ ಡ್ರಾಯರ್ ಎಳೆದಳು. ಕರಡಿನ ಮೂರನೇ ಪುಟದಲ್ಲಿ ಮದ್ದುಗಳ ಪಟ್ಟಿ: ಯಾವುದಕ್ಕೆ ಜಗ್ಗುವುದಿಲ್ಲ, ಯಾವುದಕ್ಕೆ ಸಾಯುತ್ತದೆ. ಅದನ್ನು ಹಿಡಿದು ಡಾಕ್ಟರ ಕೋಣೆಗೆ ಅವಳು ಓಡಿದ ಓಟಕ್ಕೆ ಬುಲೆಟ್ ರೈಲು ನಾಚಿಕೊಂಡು ನಿಂತುಬಿಡಬೇಕಿತ್ತು!

ಒಸಾದಾ ಮಾಮನ ಎಡ ಶ್ವಾಸಕೋಶದ ಅರ್ಧ ಹೋಯಿತು. ಇನ್ನು ಮಾಡು ಹತ್ತುವ ಹಾಗಿಲ್ಲ. ಜೀವ ಉಳಿಯಿತು.

ಆಮೇಲಷ್ಟೇ ಅವಳು ಮೊದಲ ಪುಟ ಓದಿದಳು. ಬದುಕಿರುವ ಬೂಷ್ಟು ಬದಲಾಗುತ್ತಲೇ ಇರುತ್ತದೆ, ಹೆಸರಿಗೆ ಆಧಾರವಾಗಲಾರದು. ಬೆಳವಣಿಗೆ ನಿಲ್ಲಿಸಿದ ಮಾದರಿಗೇ ಹೆಸರು. ಕೆಳಗೊಂದು ಸಾಲು: ಜೀವಂತ ಪ್ರತಿಗಳು ಮೂರು, ಎರಡು ಊರುಗಳ ಸಂಗ್ರಹದಲ್ಲಿ ಸುರಕ್ಷಿತ.

ಹೆಸರಿನ ಜಾಗ ಮಾತ್ರ ಖಾಲಿ.

ಮರುದಿನ ಚಿಬಾದಲ್ಲಿ ಅವನ ಕೋಣೆಯ ಬಾಗಿಲಲ್ಲಿ ಅವಳು ನಿಂತಿದ್ದಳು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಾನೇ ಮಾಡ್ತೀನಿ ಅಂತಿದ್ರಿ. ಅದು ನಿಮ್ಮ ಕೈಯಿಂದ ಆಗಬಾರದು ಅನ್ನಿಸ್ತು… ತಪ್ಪು ನಂದೇ. ಕೇಳಬೇಕಿತ್ತು."

"ಬೇರೆ ತಟ್ಟೆ ಇರಲಿಲ್ವಾ?"

"ಇತ್ತು. ಅದರ ಮೇಲೆ ನಿಮ್ಮ ಕೈಬರಹ ಇರಲಿಲ್ಲ. ನೀವು 'ಅಪ್ಪ' ಅಂತ ಬರೆದ ತಟ್ಟೆ ನಾವೆಲ್ಲ ಹೋದ ಮೇಲೂ ಇಲ್ಲಿನ ಸಂಗ್ರಹದಲ್ಲೇ ಇರುತ್ತೆ, ಹಟಾನೊ ಸಾನ್."

ಅವಳು ಒಳಗೆ ಬಂದು ಕೂತಳು. "ದೇವಸ್ಥಾನದೋರು ಸತ್ತೋರಿಗೆಲ್ಲ ಇಡೋ ಹಾಗೆ ಅಪ್ಪನಿಗೂ ಸತ್ತ ಮೇಲಿನ ಹೊಸ ಹೆಸರು ಕೊಟ್ಟಾಗಲೂ ಹೀಗೇ ಜಗಳ ಆಡಿದ್ದೆ. ಆ ಹೆಸರು ಒಪ್ಪಿಕೊಂಡ್ರೆ ಅಪ್ಪ ನಿಜವಾಗ್ಲೂ ಹೋದ ಹಾಗೆ ಅಂತ… ಅಪ್ಪನ ಮೈಯಿಂದ ಬಂದದ್ದರಲ್ಲಿ ಉಸಿರಾಡ್ತಿದ್ದದ್ದು ಆ ತಟ್ಟೆ ಒಂದೇ ಅನ್ಕೊಂಡಿದ್ದೆ."

"ಅದೊಂದೇ ಅಲ್ಲ," ತೋಮಾ ಹೇಳಿದ. "ನೀವಿದ್ದೀರಿ."

ಅವನು ಕರಡು ಬಿಡಿಸಿ, ಹೆಸರಿನ ಖಾಲಿ ಜಾಗದ ಮೇಲೆ ಪೆನ್ನು ಹಿಡಿದ.

"ಜೊಂಡುಹುಲ್ಲಿನದು ಅಂತ ಹೆಸರಿಡಿ," ಅವಳು ಕಣ್ಣೊರೆಸಿಕೊಂಡಳು. "ಎಲ್ಲಿಂದ ಬರುತ್ತೆ ಅಂತ ಮುಂದಿನ ಡಾಕ್ಟರಿಗೆ ಗೊತ್ತಾಗಲಿ. ಅಪ್ಪನ ಹೆಸರು ಮಾತ್ರ ಬೇಡ. ಕೊಂದಿದ್ದಕ್ಕೆ ಯಾಕೆ ಅದು? ಹೇಗೂ ನಾನು ಒಬ್ಬಳೇ ಮಗಳು, ಹಟಾನೊ ಅನ್ನೋ ಮನೆಹೆಸರು ನನ್ನ ಮದುವೆ ದಿನ ಮುಗಿಯುತ್ತೆ."

ತೋಮಾ ಪೆನ್ನು ಕೆಳಗಿಟ್ಟ.

"ಹಟಾನೊ ತೋಮಾ… ಕೇಳೋಕೆ ಹೇಗಿದೆ?"

"ನೀವು… ನಿಮ್ಮ ಮನೆಹೆಸರು ಬಿಟ್ಟುಬಿಡ್ತೀರಾ?"

"ಮೂವತ್ತೆರಡು ಬೂಷ್ಟುಗಳ ಹೆಸರು ಬದಲಾಯಿಸಿದ್ದೀನಿ. ಒಂದೂ ಅತ್ತಿಲ್ಲ. ನಾನು ಅಳ್ತೀನಾ?"

"ನನಗೆ ಅಳು ಬರ್ತಿದೆ…"

"ಅಳಿ. ನಾನು ಇಲ್ಲೇ ಇರ್ತೀನಿ."

ಅತ್ತು ಮುಗಿಸಿ ಅವಳು ಚೀಲದಿಂದ ಬಿದಿರೆಲೆಯ ಪೊಟ್ಟಣ ತೆಗೆದಳು.

"ತೊಯಾಮಾ ಸ್ಟೇಷನ್ನಿನ ಮೀನಿನ ಅನ್ನ. ಅರ್ಧ ನಿಮಗೆ."

"ನೆಪ ಏನು?"

"ಇನ್ಮೇಲೆ ನೆಪ ಬೇಕಾಗಿಲ್ಲ," ಎಂದಳು ಸುಮಿರೆ.